ಔಷಧ ಬದಲಿಸದೆಯೇ ಸಕ್ಕರೆ ಇಳಿದಿದೆಯೇ? ಪೇಢೆ ಹಂಚಬೇಡಿ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕುಳಿತೇ ಆಯುಷ್ಯ ಕಳೆದವರು. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಮಾತ್ರೆಯನ್ನು ದಿನಕ್ಕೆರಡು ಸಲ ತೆಗೆದುಕೊಳ್ಳುತ್ತಾರೆ. ಹಿಂದೆ 9ರ ಆಸುಪಾಸಿನಲ್ಲಿದ್ದ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಯಾವ ಪಥ್ಯವೂ ಇಲ್ಲದೆ 6.1ಕ್ಕೆ ಇಳಿದಿದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 2.4, ಹಿಮೋಗ್ಲೋಬಿನ್ 8.8. ಕಳೆದ ವಾರ ಬೆಳಗಿನ ಜಾವ ಮೈಯೆಲ್ಲ ಬೆವತು ಏನೇನೋ ಮಾತಾಡಿದರು. ಸಕ್ಕರೆ ಹಾಕಿದ ಚಹಾ ಕುಡಿಸಿದ ಮೇಲೆ ಸರಿಹೋದರು. ಕಾಯಿಲೆ ಗುಣವಾಗುತ್ತಿದೆ ಎಂದು ತಿಳಿಯಬಹುದೇ? (ಡೊಂಬಿವಲಿಯಿಂದ ಓದುಗರೊಬ್ಬರು)

ಉತ್ತರ: ಇಲ್ಲ. ಗುಣವಾಗುತ್ತಿರುವುದು ಕಾಯಿಲೆಯಲ್ಲ, ಸೋಲುತ್ತಿರುವುದು ಮೂತ್ರಪಿಂಡ. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೆಂದು ಎಣಿಸುವುದನ್ನೇ ಬಿಟ್ಟಿದ್ದೇನೆ; ಸಂತೋಷಕ್ಕೆ ಪೇಢೆ ಹಂಚಿದೆವು ಎಂದು ಬರೆದವರೂ ಇದ್ದಾರೆ.

ರಕ್ತದಲ್ಲಿರುವ ಇನ್ಸುಲಿನ್ನಿನ ಒಂದು ದೊಡ್ಡ ಪಾಲನ್ನು ಒಡೆದು ತೆಗೆಯುವ ಕೆಲಸ ಮೂತ್ರಪಿಂಡದ್ದು. ಅದು ಸೊರಗಿದಾಗ ಇನ್ಸುಲಿನ್ ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತದೆ. ರಾತ್ರಿ ಹೊಟ್ಟೆ ಖಾಲಿಯಿರುವಾಗ ದೇಹಕ್ಕೆ ಬೇಕಾದ ಗ್ಲುಕೋಸಿನ ಒಂದಷ್ಟನ್ನು ಯಕೃತ್ತಿನ ಜೊತೆಗೆ ಮೂತ್ರಪಿಂಡವೂ ತಯಾರಿಸುತ್ತದೆ. ಆ ಸರಬರಾಜೂ ತಗ್ಗುತ್ತದೆ. ಇವುಗಳ ಮೇಲೆ ಹಸಿವು ಕುಂದಿ, ಎರಡು ದೋಸೆ ತಿನ್ನುತ್ತಿದ್ದವರು ಅರ್ಧಕ್ಕೇ ಕೈ ತೊಳೆಯುತ್ತಾರೆ. ನಿನ್ನೆಯವರೆಗೆ ಸಾಲದಾಗಿದ್ದ ಮಾತ್ರೆ ಇಂದು ವಿಪರೀತವಾಗುವುದು ಹೀಗೆ.

ನಿಮ್ಮ ತಂದೆಯವರ ವಿಷಯದಲ್ಲಿ ಮಾತ್ರೆಯೇ ತಪ್ಪು. ಗ್ಲಿಬೆನ್‌ಕ್ಲಮೈಡ್ ಯಕೃತ್ತಿನಲ್ಲಿ ಒಡೆದ ಮೇಲೂ ಅದರ ಚೂರುಗಳಿಗೆ ಸಕ್ಕರೆ ಇಳಿಸುವ ಶಕ್ತಿ ಉಳಿದಿರುತ್ತದೆ, ಆ ಚೂರುಗಳು ಹೊರಹೋಗಬೇಕಾದ ದಾರಿಗಳಲ್ಲಿ ಮೂತ್ರಪಿಂಡವೂ ಒಂದು. ಆ ದಾರಿ ಮುಚ್ಚಿದಷ್ಟೂ ಅವು ರಕ್ತದಲ್ಲಿ ಶೇಖರವಾಗುತ್ತವೆ. ನೀವು ಕೊಟ್ಟ ವಯಸ್ಸು ಮತ್ತು ಕ್ರಿಯಾಟಿನಿನ್ನಿನಿಂದ ಲೆಕ್ಕ ಹಾಕಿದರೆ ಅವರ ಇಜಿಎಫ್‌ಆರ್, ಅಂದರೆ ಮೂತ್ರಪಿಂಡ ರಕ್ತವನ್ನು ಸೋಸುವ ವೇಗ, 28ರ ಸುಮಾರಿಗಿದೆ. 45ರ ಕೆಳಗೆ ಇಳಿದಾಗಲೇ ಮೆಟ್‌ಫಾರ್ಮಿನ್ ಪ್ರಮಾಣವನ್ನು ತಗ್ಗಿಸಬೇಕಿತ್ತು, 30ರ ಕೆಳಗೆ ಪೂರ್ತಿ ನಿಲ್ಲಿಸಬೇಕಿತ್ತು. ಹಳೆಯ ಚೀಟಿಯನ್ನು ಹಿಡಿದು ವರ್ಷಗಟ್ಟಲೆ ಕೆಮಿಸ್ಟನಿಂದ ಅದೇ ಮಾತ್ರೆ ತರಿಸಿಕೊಳ್ಳುವ ಅಭ್ಯಾಸಕ್ಕೆ ಏನು ಹೇಳಲಿ! ಇಂದಿನ ರಾತ್ರಿಯ ಮಾತ್ರೆಯನ್ನು ಕೊಡಬೇಡಿ. ಈಗಲೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಬದಲಿ ಔಷಧ ಕೇಳಿ.

ಇನ್ನು ಆ 6.1. ಎಚ್‌ಬಿಎ1ಸಿ ಎಂಬುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ, ಆ ಕಣ ಸುಮಾರು 120 ದಿನ ಬದುಕುತ್ತದೆ ಎಂಬ ನಂಬಿಕೆಯ ಮೇಲೆ ನಿಂತದ್ದು. ಮೂತ್ರಪಿಂಡದ ಕಾಯಿಲೆಯಲ್ಲಿ ಕಣಗಳು ಬೇಗ ಸಾಯುತ್ತವೆ; ರಕ್ತ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದು ಕೊಟ್ಟರೆ ಹೊಸ ಕಣಗಳೇ ತುಂಬಿರುತ್ತವೆ. ಸಕ್ಕರೆ ಅಂಟಲು ಸಮಯವೇ ಇರದ ಕಣಗಳನ್ನು ಅಳೆದರೆ ಸಿಗುವ ಸಂಖ್ಯೆ ಸುಳ್ಳೇ ಕಡಿಮೆಯಿರುತ್ತದೆ. ಆದುದರಿಂದ ಮನೆಯ ಗ್ಲುಕೋಮೀಟರಿನಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಊಟವಾದ ಎರಡು ಗಂಟೆಗೆ, ವಾರಕ್ಕೊಮ್ಮೆಯಾದರೂ ನಸುಕಿನ ಮೂರಕ್ಕೆ ಎದ್ದು ನೋಡಿ ಬರೆದಿಡಿ. ಇವರ ವಯಸ್ಸಿಗೆ, ಈ ಸ್ಥಿತಿಗೆ, ಎಚ್‌ಬಿಎ1ಸಿ 7.5ರಿಂದ 8ರವರೆಗಿದ್ದರೆ ನಾನು ನಿಶ್ಚಿಂತೆಯಿಂದಿರುತ್ತೇನೆ.

ಆ ಬೆಳಗಿನ ಜಾವದ ಘಟನೆಯನ್ನು ಚಹಾ ಕುಡಿಸಿ ಮುಗಿಸಿದಿರಿ. ನನಗೆ ಎಲ್ಲಕ್ಕಿಂತ ಭಯ ತಂದದ್ದು ಅದೇ. ತರಬೇತಿಯ ದಿನಗಳಲ್ಲಿ ಇದೇ ಔಷಧ ತೆಗೆದುಕೊಳ್ಳುತ್ತಿದ್ದ ಅಜ್ಜಿಯೊಬ್ಬರು ಸಕ್ಕರೆ 31ಕ್ಕೆ ಇಳಿದು ಬಂದಿದ್ದರು. ಗ್ಲುಕೋಸ್ ಏರಿಸಿದ ಕೂಡಲೇ ಎದ್ದು ಕುಳಿತು ಮಗನನ್ನು ಗದರಿಸಿದರು, ನಾನು ನಗುತ್ತಾ ಮನೆಗೆ ಕಳುಹಿಸಿದೆ. ರಾತ್ರಿ ಹತ್ತಕ್ಕೆ ಅವರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಮತ್ತೆ ಹೊತ್ತು ತಂದರು. ಗ್ಲುಕೋಸ್ ಕೆಲವು ತಾಸಿನಲ್ಲಿ ಕರಗುತ್ತದೆ, ಶೇಖರವಾದ ಔಷಧ ಒಂದು ದಿನ ದಾಟಿಯೂ ಕೆಲಸ ಮಾಡುತ್ತಿರುತ್ತದೆ. ಇಂಥವರನ್ನು ಚೇತರಿಸಿಕೊಂಡ ಮೇಲೂ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿಡಬೇಕೆಂಬುದು ಅಂದಿನಿಂದ ನನ್ನ ಹಟ. ಅತಿ ಎಚ್ಚರಿಕೆಯೆಂದು ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಸಕ್ಕರೆ 70ರ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಅಳೆಯಿರಿ. ಕಿತ್ತಳೆ ರಸ, ಎಳನೀರು ಬೇಡ, ಅವುಗಳ ಪೊಟ್ಯಾಸಿಯಂ ಈ ಮೂತ್ರಪಿಂಡಕ್ಕೆ ಭಾರ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಬದಲಿಗೆ ಏನು ಕೊಡಬಹುದು? ಲಿನಾಗ್ಲಿಪ್ಟಿನ್ ಪ್ರಮಾಣವನ್ನು ಮೂತ್ರಪಿಂಡಕ್ಕಾಗಿ ತಗ್ಗಿಸಬೇಕಿಲ್ಲ. ಸಾಲದಿದ್ದರೆ ಅಲ್ಪ ಪ್ರಮಾಣದ ಇನ್ಸುಲಿನ್. ಡಾಪಾಗ್ಲಿಫ್ಲೋಜಿನ್ ಈ ಹಂತದಲ್ಲಿ ಸಕ್ಕರೆಯನ್ನು ಹೆಚ್ಚು ಇಳಿಸದಿದ್ದರೂ ಮೂತ್ರಪಿಂಡದ ಕುಸಿತವನ್ನು ನಿಧಾನಿಸುತ್ತದೆಂದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆಯೂ ಇಳಿಯಿತು. ಇಜಿಎಫ್‌ಆರ್ 20ಕ್ಕಿಂತ ಮೇಲಿರುವಾಗ ಆರಂಭಿಸಬಹುದು. ಆದರೆ ವಾಂತಿಭೇದಿಯಾದ ದಿನ, ಏಕಾದಶಿಯ ನಿರಾಹಾರದ ದಿನ ಅದನ್ನು ನುಂಗಬಾರದು. ಎಪ್ಪತ್ತರ ಹೊಸ್ತಿಲಿನಲ್ಲಿ ಮೂತ್ರಪಿಂಡ ಸೋತವರು ನಿರ್ಜಲ ಏಕಾದಶಿ ಮಾಡುವುದನ್ನು ಯಾವ ದೇವರೂ ಕೇಳಿದಂತಿಲ್ಲ.

ಪ್ರಶ್ನೆ: ಮೆಟ್‌ಫಾರ್ಮಿನ್‌ನಿಂದಲೇ ಕಿಡ್ನಿ ಹಾಳಾಯಿತಂತೆ, ಹೌದೇ? (ಪುಣೆ)

ಉತ್ತರ: ಹಾಳು ಮಾಡಿದ್ದು ವರ್ಷಗಟ್ಟಲೆ ಏರಿದ್ದ ಸಕ್ಕರೆ ಮತ್ತು ರಕ್ತದೊತ್ತಡ, ಮೆಟ್‌ಫಾರ್ಮಿನ್ ಮೇಲೆ ಗೂಬೆ ಕೂರಿಸಬೇಡಿ.

ಪ್ರಶ್ನೆ: ಕ್ರಿಯಾಟಿನಿನ್ ಮತ್ತು ಸಕ್ಕರೆ ಎರಡನ್ನೂ ಇಳಿಸುವ ಪುಡಿ ಕೊರಿಯರಿನಲ್ಲಿ ಬರುತ್ತದೆ. ತರಿಸಬಹುದೇ? (ಠಾಣೆ)

ಉತ್ತರ: ಪುಡಿಯಲ್ಲಿ ಏನಿದೆಯೆಂದು ಕಳುಹಿಸಿದವನು ಬರೆದಿಲ್ಲವಾದರೆ ಕಸದ ಬುಟ್ಟಿಗೆ ಹಾಕಿ. 2008ರಲ್ಲಿ ಸಿಂಗಾಪುರದಲ್ಲಿ ಪೌರುಷವರ್ಧಕವೆಂದು ಕಳ್ಳತನದಲ್ಲಿ ಮಾರಿದ ಮಾತ್ರೆಗಳೊಳಗೆ ಮೇಲೆ ಹೇಳಿದ ಗ್ಲಿಬೆನ್‌ಕ್ಲಮೈಡೇ ಅಡಗಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದವರು ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು, ಕೆಲವರು ಸತ್ತರು.

ಪ್ರಶ್ನೆ: ಹುಳಿಯಾದ ಹಣ್ಣು ಸಕ್ಕರೆ ಇಳಿಸುತ್ತದೆಂದು ಅಮ್ಮ ದಿನವೂ ಕರಂಬಲದ ರಸ ಕುಡಿಯುತ್ತಾರೆ. ಅವರಿಗೆ ಕಿಡ್ನಿ ತೊಂದರೆಯಿದೆ. (ವಾಸ್ಕೋ, ಗೋವಾ)

ಉತ್ತರ: ನಮ್ಮ ಕರಾವಳಿಯವರು ದಾರೆಹುಳಿ ಎನ್ನುವ ಆ ನಕ್ಷತ್ರದಾಕಾರದ ಹಣ್ಣಿನಲ್ಲಿರುವ ವಿಷವನ್ನು ಸೋತ ಮೂತ್ರಪಿಂಡ ಹೊರಹಾಕಲಾರದು. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್, ಕೆಲವರಲ್ಲಿ ಸಾವು. ಒಂದು ಹೋಳೂ ಬೇಡ. ಈಗಾಗಲೇ ಬಿಕ್ಕಳಿಕೆಯಿದ್ದರೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಇಂದೇ ಕರೆದೊಯ್ಯಿರಿ.