ಸೆಟ್ ಒಡೀಬೇಡಿ ಸಾರ್

"ದುರ್ಗಾಸ್ತಮಾನ ಒಂದೇ ತರಬೇಕು ಅಂತ ಹೋದವನು ಒಂಬತ್ತು ಐತಿಹಾಸಿಕ ಕಾದಂಬರಿ ಹೊತ್ತುಕೊಂಡು ಬಂದೆ. ಇವನ್ನೆಲ್ಲ ಓದಿ ಮುಗಿಸುವವರೆಗೂ ಇನ್ನೊಂದು ಕೊಳ್ಳಬಾರದು ಅಂತ ನಿಯಮ ಮಾಡಿಕೊಳ್ಳಲಾ?" ಅಂತ ಕೇಳಿದ್ದೀರಿ. ಬೇಡ. ಆ ನಿಯಮ ನಾನು ಮಾಡಿಕೊಂಡಿದ್ದೆ.

2009ರ ಮಾತು. ಪೀಣ್ಯದಲ್ಲಿ ಮೊದಲ ಕೆಲಸ, ಮಾಗಡಿ ರಸ್ತೆಯಲ್ಲಿ ಬಾಡಿಗೆ ರೂಮು. ತಿಂಗಳಿಗೆ ಇನ್ನೂರು ರೂಪಾಯಿ ಪುಸ್ತಕಕ್ಕೆ. ಒಂದು ಮುಗಿದ ಮೇಲೇ ಇನ್ನೊಂದು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಒಂದು ಭಾನುವಾರ ಅವೆನ್ಯೂ ರಸ್ತೆಗೆ ಹೋದೆ. ಭಾನುವಾರ ಅಂಗಡಿಗಳ ಶಟರ್ ಇಳಿದಿರುತ್ತೆ, ಅದರ ಮುಂದೆ ಫುಟ್‌ಪಾತಿನ ಮೇಲೆ ಹಳೇ ಪುಸ್ತಕ ಹರಡಿಕೊಂಡು ಕೂತಿರುತ್ತಾರೆ. ಹೆಚ್ಚಿನವು ಕಾಲೇಜು ಗೈಡುಗಳು. ಒಬ್ಬ ವಯಸ್ಸಾದವರ ಟಾರ್ಪಾಲಿನ ಮೂಲೆಯಲ್ಲಿ ಸೆಣಬಿನ ಹುರಿ ಹಾಕಿ ಕಟ್ಟಿದ ಮೂರು ಪುಸ್ತಕ ಕಂಡವು. ತ.ರಾ.ಸು. ಅವರ ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ. ಮೂರಕ್ಕೂ ಒಂದೇ ಥರ ಖಾಕಿ ಕಾಗದದ ಹೊದಿಕೆ. ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ಒಂದೇ ಕೈಬರಹ. 1, 2, 3 ಅಂತ ಅಂಕಿ ಬೇರೆ.

"ಎಷ್ಟು ಯಜಮಾನ್ರೇ?"

"ಮೂರಕ್ಕೂ ಸೇರಿ ನೂರಾ ಎಂಬತ್ತು ಕೊಡಿ."

"ಮೊದಲನೇದು ಒಂದೇ ಕೊಡಿ. ಓದಿ ಮುಗಿಸಿ ಉಳಿದಿದ್ದು ತಗೋತೀನಿ."

ಅವರು ಹುರಿಗೆ ಕೈ ಹಾಕಲಿಲ್ಲ. "ಸೆಟ್ ಒಡೀಬೇಡಿ ಸಾರ್. ಒಂದೇ ಮನೆಯಿಂದ ಒಟ್ಟಿಗೆ ಬಂದಿರೋದು" ಅಂದರು. ನಾನು ಒಪ್ಪಲಿಲ್ಲ. ಅರವತ್ತು ರೂಪಾಯಿ ಕೊಟ್ಟೆ. ಅವರು ಗಂಟು ಬಿಚ್ಚಿ ಒಂದನ್ನು ಕೊಟ್ಟು, ಉಳಿದ ಎರಡನ್ನು ಮತ್ತೆ ಕಟ್ಟಿದರು.

ಆ ದಿನ ನನ್ನ ಜೇಬಿನಲ್ಲಿ ನಾನೂರು ರೂಪಾಯಿ ಇತ್ತು. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ದುಡ್ಡಿಲ್ಲದೆ ಬಿಟ್ಟು ಬಂದಿದ್ದರೆ ಅದು ಬೇರೆ ಮಾತು. ನಾನು ಬಿಟ್ಟಿದ್ದು ನೋಟ್‌ಬುಕ್ಕಿನ ಎರಡು ಗೆರೆಗೆ ಹೆದರಿ.

ರಾತ್ರಿ ರೂಮಿನಲ್ಲಿ ಪುಸ್ತಕ ತೆರೆದಾಗ ಅಂಚಿನಲ್ಲಿ ಪೆನ್ಸಿಲ್ ಬರಹ ಕಂಡಿತು. ಸಣ್ಣ, ದುಂಡನೆ ಅಕ್ಷರ. ಯಾರೋ ಚಿತ್ರದುರ್ಗದವರೇ ಇರಬೇಕು, ಬಹುಶಃ ಮೇಷ್ಟ್ರು. ಕಥೆಯಲ್ಲಿ ಚಿತ್ರದುರ್ಗದ ಕೋಟೆಯ ಯಾವುದೋ ಜಾಗದ ಮಾತು ಬಂದಾಗಲೆಲ್ಲ ಪಕ್ಕದಲ್ಲಿ ಒಂದು ಸಾಲು. "ಏಕನಾಥೇಶ್ವರಿ ಗುಡಿಯಿಂದ ಎಡಕ್ಕೆ. ಬಂಡೆಯಲ್ಲಿ ಕಾಲಿಡಲು ಕುಳಿ ಇದೆ." "ಇಲ್ಲಿ ನಿಂತರೆ ಸಿಹಿನೀರು ಹೊಂಡ ಕಾಣುತ್ತದೆ, ಬೆಳಿಗ್ಗೆ ಹೋಗಬೇಕು." ಒಂದು ಕಡೆ "ಅಪ್ಪನ ಜೊತೆ ಹತ್ತಿದ್ದು" ಅಂತ ಇಷ್ಟೇ. ನಾನು ಕಥೆಯಲ್ಲಿ ಬರುವ ದಳವಾಯಿ ಮುದ್ದಣ್ಣನ ಸಂಚನ್ನೂ ಓದುತ್ತಿದ್ದೆ, ಈ ಮನುಷ್ಯನ ಜೊತೆ ಕೋಟೆಯನ್ನೂ ಹತ್ತುತ್ತಿದ್ದೆ. ಬೆಳಗಿನ ಜಾವ ಮೂರೂವರೆಗೆ ಕೊನೇ ಪುಟ ಬಂತು. ಅದರ ಕೆಳಗೆ ಹೀಗಿತ್ತು: "ನಕ್ಷೆ ಬರೆದಿದ್ದೇನೆ. ರಕ್ತರಾತ್ರಿಯ ಹಿಂದಿನ ರಟ್ಟಿನ ಒಳಗೆ ನೋಡು."

ಮುಂದಿನ ಭಾನುವಾರ ಎಂಟು ಗಂಟೆಗೇ ಹೋಗಿ ನಿಂತೆ. ಅವರು ಇನ್ನೂ ಮೂಟೆ ಬಿಚ್ಚುತ್ತಿದ್ದರು. ನನ್ನ ಗುರುತು ಹಿಡಿದರು. "ನೀವು ಹೋದ ಅರ್ಧ ಗಂಟೆಗೇ ಹೋಯ್ತು ಸಾರ್. ಮೊದಲನೇದು ಇಲ್ವಲ್ಲ ಅಂತ ಬೇಜಾರು ಮಾಡ್ಕೊಂಡೇ ತಗೊಂಡ್ರು."

ಆ ಇನ್ನೊಬ್ಬರ ಮನೆಯಲ್ಲಿ ಈಗಲೂ ಆ ನಕ್ಷೆ ಇರಬಹುದು. ಅದಕ್ಕೆ ಸೇರಬೇಕಾದ ಟಿಪ್ಪಣಿ ನನ್ನ ಹತ್ತಿರ ಇದೆ. ಇಬ್ಬರಿಗೂ ಪೂರ್ತಿ ಸಿಗಲಿಲ್ಲ. ಒಂದು ಮನೆಯವರು ಎಷ್ಟೋ ವರ್ಷ ಜೋಪಾನ ಮಾಡಿದ್ದನ್ನು ನಾನು ಒಂದು ನಿಮಿಷದಲ್ಲಿ ಒಡೆದೆ. ನನ್ನ ತಪ್ಪು ಎಲ್ಲಿತ್ತು ಅಂತ ಆಮೇಲೆ ಬಹಳ ಯೋಚಿಸಿದ್ದೇನೆ. ಮೂರು ಪುಸ್ತಕ ಅಂದರೆ ಮೂರು ಬೇರೆ ಬೇರೆ ಸಾಮಾನು ಅಂದುಕೊಂಡಿದ್ದೆ. ಅದು ಮೂರು ಸಂಪುಟದಲ್ಲಿ ನಡೆಯುವ ಒಂದೇ ಕಥೆ. ಮಾರುವವರಿಗೆ ಅದು ಗೊತ್ತಿತ್ತು, ಅದಕ್ಕೇ ಹುರಿ ಕಟ್ಟಿದ್ದರು. ಇನ್ನೊಂದು, "ಆಮೇಲೆ ತಗೋತೀನಿ" ಅನ್ನುವ ಮಾತು ಹೊಸ ಪುಸ್ತಕದ ಅಂಗಡಿಯಲ್ಲಿ ನಡೆಯಬಹುದು, ಹಳೇ ಪುಸ್ತಕಕ್ಕೆ ನಡೆಯಲ್ಲ. ಅಲ್ಲಿ ಎರಡನೇ ಪ್ರತಿ ಅಂತಲೇ ಇರಲ್ಲ.

ರಕ್ತರಾತ್ರಿ, ತಿರುಗುಬಾಣ ಎರಡನ್ನೂ ಹೊಸ ಮುದ್ರಣದಲ್ಲಿ ಕೊಂಡು ಓದಿದೆ. ಕಥೆ ಸಿಕ್ಕಿತು. ಅಂಚು ಖಾಲಿ ಇತ್ತು. 2011ರಲ್ಲಿ ಮೊದಲನೇ ಪುಸ್ತಕ ಹಿಡಿದುಕೊಂಡು ಚಿತ್ರದುರ್ಗಕ್ಕೆ ಹೋದೆ. ಟಿಪ್ಪಣಿ ನೋಡಿಕೊಂಡು ಹತ್ತಿದೆ. ಬಂಡೆಯಲ್ಲಿ ಕಾಲಿಡುವ ಕುಳಿ ಸಿಕ್ಕಿತು, ನನ್ನ ಪಾದ ಅದರಲ್ಲಿ ಸರಿಯಾಗಿ ಕೂತಿತು. ಹೊಂಡವೂ ಕಾಣಿಸಿತು. ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಪುಸ್ತಕದಲ್ಲಿರಲಿಲ್ಲ.

ಈಗ ನಿಮ್ಮ ಒಂಬತ್ತರ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಕೊಂಡೆ ಅಂತ ನೀವು ನೊಂದುಕೊಂಡಿದ್ದೀರಿ. ನಾನು ಅದನ್ನು ಒಪ್ಪಲ್ಲ. ಐತಿಹಾಸಿಕ ಕಾದಂಬರಿ ಒಂದು ಇನ್ನೊಂದನ್ನು ಕರೆಯುತ್ತೆ. ಚಿಕವೀರ ರಾಜೇಂದ್ರ ಓದುತ್ತೀರಿ, 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಗುತ್ತೆ. ಮಾಸ್ತಿಯವರು ನಿಮ್ಮನ್ನು ಅರಮನೆಯ ಒಳಗೇ ಇಟ್ಟುಕೊಂಡು ಆ ಬೀಳುವಿಕೆಯನ್ನು ತೋರಿಸುತ್ತಾರೆ. ಪುಸ್ತಕ ಮುಚ್ಚಿದಾಗ, ಆಮೇಲೆ ಜನ ಏನು ಮಾಡಿದರು ಅನ್ನಿಸುತ್ತೆ ಅಲ್ವಾ? ಅದೇ ರಾತ್ರಿ ಕೈಗೆ ಸಿಗುವ ಹಾಗೆ ನಿರಂಜನರ ಕಲ್ಯಾಣಸ್ವಾಮಿ ಇರಬೇಕು. 1837ರಲ್ಲಿ, ಅದೇ ಕೊಡಗಿನ ರಾಜರ ಕೈಕೆಳಗಿದ್ದ ಸುಳ್ಯದ ಕಡೆಯ ರೈತರು ದಂಗೆ ಎದ್ದು ಮಂಗಳೂರಿನವರೆಗೂ ನಡೆದ ಕಥೆ ಅದು. ಈ ಎರಡೂ ಒಂದೇ ಕಪಾಟಿನಲ್ಲಿದ್ದರೆ ಆಗುವ ಸಂತೋಷ, ಒಂದು ಓದಿ ಆರು ತಿಂಗಳಾದ ಮೇಲೆ ಇನ್ನೊಂದನ್ನು ಹುಡುಕಿದರೆ ಸಿಗಲ್ಲ.

ಹೊಯ್ಸಳ ರಾಣಿ ಶಾಂತಲೆಯದೂ ಹಾಗೇ. ಕೆ.ವಿ. ಅಯ್ಯರ್ ಬರೆದ ಶಾಂತಲಾ ಓದಿ ಕಣ್ಣು ತುಂಬಿಕೊಂಡಿದ್ದೆ. ಆಮೇಲೆ ಸಿ.ಕೆ. ನಾಗರಾಜರಾಯರ ಪಟ್ಟಮಹಾದೇವಿ ಶಾಂತಲದೇವಿ, ನಾಲ್ಕು ಭಾಗ. ಅದೇ ರಾಣಿ, ಬೇರೆಯದೇ ಹೆಂಗಸು. ಎರಡೂ ಓದಿದ ಮೇಲೆ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ, ಅವಳು 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಮುಂದೆ ಕೂತೆ. ಅವಳು ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಬೆಳಗೊಳದ ಶಾಸನ ಹೇಳುತ್ತೆ. ಅಷ್ಟು ಸಣ್ಣ ಮಾತಿನಿಂದ ಇಬ್ಬರು ಎಷ್ಟು ದೂರ ಹೋದರಲ್ಲ ಅಂತ ಮೈ ಜುಮ್ಮೆಂದಿತು. ಒಬ್ಬರನ್ನೇ ಓದಿ ಹೋಗಿದ್ದರೆ ಅವರು ಹೇಳಿದ್ದೇ ನಿಜ ಅಂದುಕೊಂಡು ಇಳಿದು ಬರುತ್ತಿದ್ದೆ.

ಇನ್ನೂ ಒಂದು ಮಾತು. ಕನ್ನಡದಲ್ಲಿ ಒಂದು ಸಲಕ್ಕೆ ಅಚ್ಚು ಹಾಕುವುದು ಸಾಮಾನ್ಯವಾಗಿ ಸಾವಿರ ಪ್ರತಿ. ಅದು ಮುಗಿದರೆ ಮರುಮುದ್ರಣ ಯಾವಾಗ ಅಂತ ಯಾರೂ ಹೇಳಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಹಾಗೆ ಹುಟ್ಟಿದ ಓದು ಇದು. ಒಂಬತ್ತು ಪುಸ್ತಕ ಮನೆಗೆ ತಂದದ್ದಕ್ಕೆ ಯಾಕೆ ಲೆಕ್ಕ ಒಪ್ಪಿಸಬೇಕು? ಬಾಡಿಗೆ, ದಿನಸಿ ತಪ್ಪದಿದ್ದರೆ ಸಾಕು. ಓದದೆ ಇಟ್ಟದ್ದು ಹಾಳಾಗಲ್ಲ. ಗಳಗನಾಥರದೇ ಮಾಧವ ಕರುಣಾವಿಲಾಸ ನನ್ನ ಹತ್ತಿರ ಏಳು ವರ್ಷ ಸುಮ್ನೆ ಕೂತಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ರಾತ್ರಿಗಳಲ್ಲಿ ಅದೇ ನನ್ನ ಜೊತೆಗಿತ್ತು. ಆ ದಿನ ಅದನ್ನು ಎಲ್ಲಿ ಹೋಗಿ ತರಬೇಕಿತ್ತು?

ನಿಯಮ ಬೇಕೇ ಬೇಕು ಅಂದರೆ, ಹಳೇ ಪುಸ್ತಕ ಕೊಳ್ಳುವ ಮೊದಲು ಕೊನೆಯ ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಪುಟಗಳ ಕಟ್ಟು, ಇದೆಯಾ ನೋಡಿ. ಹೊಲಿಗೆ ಬಿಟ್ಟು ಕೊನೆಯ ಹದಿನಾರು ಪುಟ ಉದುರಿ ಹೋಗಿರುವ ಪುಸ್ತಕ ಬಹಳ. ಹುಳು ಇದ್ದರೆ ನೆರಳಲ್ಲಿ ಹರಡಿ ಗಾಳಿಯಾಡಲು ಬಿಡಿ, ಬಿಸಿಲಿಗೆ ಹಾಕಬೇಡಿ. ಅಂಚಿನಲ್ಲಿ ಯಾರದಾದರೂ ಬರಹ ಇದ್ದರೆ ರಬ್ಬರ್ ಹಾಕಬೇಡಿ.

ನಿಮ್ಮ ಪಟ್ಟಿಯಲ್ಲಿ ಪಟ್ಟಮಹಾದೇವಿಯ ಒಂದು ಮತ್ತು ಎರಡನೇ ಭಾಗ ಮಾತ್ರ ಇದೆ. "ಇನ್ನೆರಡು ಅಲ್ಲೇ ಇದ್ದವು, ಜಾಸ್ತಿಯಾಯಿತು ಅಂತ ಬಿಟ್ಟೆ" ಅಂತ ಬರೆದಿದ್ದೀರಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಹೊಟ್ಟೆ ಉರಿದದ್ದು ಆ ಒಂದು ಸಾಲಿಗೆ. ಉತ್ತರ ಓದಿ ಮುಗಿಸಿದ ಕೂಡಲೇ ಅಂಗಡಿಗೆ ಫೋನ್ ಮಾಡಿ ಆ ಎರಡನ್ನು ತೆಗೆದಿಡಲು ಹೇಳಿ. ಫೋನ್ ಇಲ್ಲ, ಫುಟ್‌ಪಾತು ಅಂತಾದರೆ ಬೆಳಿಗ್ಗೆ ಅವರು ಮೂಟೆ ಬಿಚ್ಚುವ ಮೊದಲೇ ಹೋಗಿ ನಿಲ್ಲಿ. ಸಿಕ್ಕಿದವಾ ಅಂತ ಇಲ್ಲೇ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.