ಕಾರಿಗೆ ಹೊಸ ಬ್ಯಾಟರಿ ಹಾಕಿದರೂ ಪದೇಪದೇ ಡೌನ್ ಆಗುತ್ತಿದೆ, ಆಲ್ಟರ್ನೇಟರ್ ಹೋಗಿದೆಯಾ?

ಇರಬಹುದು. ಬ್ಯಾಟರಿ ಇಂಜಿನ್ ಸ್ಟಾರ್ಟ್ ಮಾಡುತ್ತದೆ ಅಷ್ಟೇ. ಆಮೇಲೆ ಲೈಟು, ವೈಪರ್‌ಗೆ ಕರೆಂಟ್ ಕೊಟ್ಟು ಬ್ಯಾಟರಿಯನ್ನೂ ತುಂಬಿಸುವುದು ಆಲ್ಟರ್ನೇಟರ್.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಹೆಡ್‌ಲೈಟ್ ಹಾಕಿದ ಕೂಡಲೇ 13ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಚಾರ್ಜಿಂಗ್ ಸರಿಯಿಲ್ಲ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ.

ಆದರೆ ದುಡ್ಡು ಖರ್ಚು ಮಾಡುವ ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನೋಡಿ. ಒಂದು ಜುಲೈ ಮಳೆಯಲ್ಲಿ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವಾಗ ನನ್ನ ಕಾರು ಕೀಂಯ್ ಅಂತ ಕಿರುಚತೊಡಗಿತು. ವೈಪರ್ ಎಳೆದಾಡಿತು, ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಮಿಣುಕಿತು. ಗ್ಯಾರೇಜಿನಲ್ಲಿ ಸುಮ್ನೆ ಆಲ್ಟರ್ನೇಟರ್ರೇ ಬದಲಾಯಿಸಿ ಅಂದರು. ಬಾನೆಟ್ ಎತ್ತಿ ನೋಡಿದರೆ ಬೆಲ್ಟ್ ಸವೆದು ಗಾಜಿನ ಹಾಗೆ ಹೊಳೆಯುತ್ತಿತ್ತು! ಒದ್ದೆಯಾದಾಗ ಜಾರುತ್ತಿತ್ತು, ಅಷ್ಟೇ.

ಬೆಲ್ಟ್, ಬ್ಯಾಟರಿಗೆ ವೈರ್ ಕೂಡುವ ಟರ್ಮಿನಲ್ ಎರಡೂ ಸರಿಯಿದ್ದರೆ ಆಲ್ಟರ್ನೇಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಕೆಲವು ಮಾಡೆಲ್‌ಗಳಲ್ಲಿ ಅದನ್ನಷ್ಟೇ ಬದಲಾಯಿಸಬಹುದು, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಗರಗರ ಸದ್ದಿದ್ದರೆ ಬೇರಿಂಗ್ ಹೋಗಿರಬಹುದು.

ಎಸ್ಟೇಟ್ ಕೆಸರು ತೊಳೆಯುವಾಗ ಪ್ರೆಶರ್ ನೀರನ್ನು ಆಲ್ಟರ್ನೇಟರ್ ಮೇಲೆ ನೇರ ಬಿಡಬೇಡಿ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಟೆಸ್ಟ್ ಮಾಡುವುದೂ ಬೇಡ, ಆಲ್ಟರ್ನೇಟರ್ ಒಳಗಿನ ಡಯೋಡ್ ಸುಡಬಹುದು.