ಹಳೆಯ ಅಡ್ವಾನ್ಸ್ ಕೈಸೇರದೆ ಬೀಗದ ಕೈ ಕೊಡಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಸರಗೋಡು ನಗರಸಭೆಯ ವ್ಯಾಪ್ತಿಯಲ್ಲಿ ಇಬ್ಬರು ಮಕ್ಕಳೊಂದಿಗೆ ಕ್ವಾರ್ಟರ್ಸಿನಲ್ಲಿ ವಾಸವಾಗಿದ್ದೇನೆ. ಗಂಡ ತೀರಿಕೊಂಡಿದ್ದಾರೆ, ಹೊಲಿಗೆಯೇ ಆಧಾರ. ತಿಂಗಳ ಬಾಡಿಗೆ 4,000 ರೂಪಾಯಿ, ಕೊಟ್ಟಿರುವ ಅಡ್ವಾನ್ಸ್ 30,000. ಕಾಯಿಲೆಯಿಂದಾಗಿ ಎರಡು ತಿಂಗಳ ಬಾಡಿಗೆ ಬಾಕಿ ಇದೆ. ಗಲ್ಫಿನಿಂದ ಮಗ ಬರುತ್ತಾನೆ, ತಿಂಗಳ ಕೊನೆಗೆ ಮನೆ ಬಿಡಿ ಎಂದು ಮಾಲಕರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಅಡ್ವಾನ್ಸಿನ ವಿಷಯ ಆಮೇಲೆ ನೋಡೋಣ ಎನ್ನುತ್ತಾರೆ. ಹೊಸ ಮನೆಗೆ 40,000 ಕೇಳುತ್ತಿದ್ದಾರೆ. ಸರಕಾರದಿಂದ ಸಹಾಯ ಸಿಗುತ್ತದೆಯೇ?
– ಓರ್ವ ಓದುಗಳು, ಕಾಸರಗೋಡು

ಉತ್ತರ: ಬಾಡಿಗೆ ಮನೆಯ ಅಡ್ವಾನ್ಸಿಗೆಂದೇ ಸರಕಾರದ ಹಣ ಬರುತ್ತದೆಂದು ನಂಬಿ ಕುಳಿತುಕೊಳ್ಳಬೇಡಿ. ಕೇರಳದ ಲೈಫ್ ಯೋಜನೆಯು ಸ್ವಂತ ಮನೆ ಕಟ್ಟಿಕೊಳ್ಳಲು 4 ಲಕ್ಷ ರೂಪಾಯಿಯ ನೆರವು ನೀಡುವಂಥದು. ಅದಕ್ಕೆ ಅರ್ಜಿ ಹಾಕುವುದು ಒಳ್ಳೆಯದೇ, ಆದರೆ ಈ ತಿಂಗಳ ಕಷ್ಟಕ್ಕೆ ಅದು ಪರಿಹಾರವಲ್ಲ. ನಿಮಗೆ ಬೇಕಾದ ಹಣದ ಬಹುಪಾಲು ಈಗಾಗಲೇ ನಿಮ್ಮದಾಗಿಯೇ ಇದೆ, ಅದು ಮಾಲಕರ ಕೈಯಲ್ಲಿದೆ ಅಷ್ಟೇ. 30,000ದಲ್ಲಿ ಎರಡು ತಿಂಗಳ ಬಾಕಿ 8,000 ಕಳೆದರೆ ನಿಮಗೆ ಬರಬೇಕಾದದ್ದು 22,000. ಅದು ಕೈಸೇರಿದರೆ ಹೊಸ ಮನೆಗೆ ಹೊಂದಿಸಬೇಕಾದದ್ದು 18,000 ಮಾತ್ರ. ಆದುದರಿಂದ ಸಹಾಯ ಹುಡುಕುವುದಕ್ಕಿಂತ ಮೊದಲು ಹಳೆಯ ಅಡ್ವಾನ್ಸನ್ನು ಭದ್ರಪಡಿಸಿಕೊಳ್ಳಿ.

1965ರ ಕೇರಳ ಕಟ್ಟಡಗಳ (ಗೇಣಿ ಮತ್ತು ಬಾಡಿಗೆ ನಿಯಂತ್ರಣ) ಕಾಯ್ದೆಯ 11ನೇ ಕಲಮಿನ ಪ್ರಕಾರ, ಬಾಡಿಗೆ ನಿಯಂತ್ರಣ ನ್ಯಾಯಾಲಯದ ಆದೇಶವಿಲ್ಲದೆ ನಿಮ್ಮ ಇಚ್ಛೆಗೆ ವಿರುದ್ಧವಾಗಿ ನಿಮ್ಮನ್ನು ಎಬ್ಬಿಸುವಂತಿಲ್ಲ. ಮಗನಿಗೆ ಬೇಕು ಎಂಬುದು ಕಾಯ್ದೆ ಒಪ್ಪುವ ಕಾರಣಗಳಲ್ಲಿ ಒಂದಾಗಬಹುದಾದರೂ, ಮಗನು ತಮ್ಮನ್ನು ಅವಲಂಬಿಸಿದವನೆಂದೂ ಅಗತ್ಯವು ಪ್ರಾಮಾಣಿಕವಾದುದೆಂದೂ ಮಾಲಕರೇ ಅಲ್ಲಿ ಸಾಬೀತುಪಡಿಸಬೇಕು. ಅದೇ ಊರಿನಲ್ಲಿ ಅವರ ಸ್ವಾಧೀನದಲ್ಲಿ ಬೇರೆ ಕಟ್ಟಡವಿದ್ದರೆ ವಿಶೇಷ ಕಾರಣವಿಲ್ಲದೆ ಆದೇಶ ಸಿಗುವುದಿಲ್ಲ. ಗಲ್ಫಿನಲ್ಲಿ ದುಡಿದು ಬರುವ ಮಗ ಎಷ್ಟರ ಮಟ್ಟಿಗೆ ಅವಲಂಬಿತ ಎಂಬುದು ಕೇಳಬೇಕಾದ ಪ್ರಶ್ನೆಯೇ ಹೌದು. ಬಾಕಿಯ ಕಾರಣವನ್ನು ಮುಂದೊಡ್ಡುವುದಾದರೆ, ಮೊದಲು ರಿಜಿಸ್ಟರ್ಡ್ ನೋಟೀಸು ಕಳುಹಿಸಿ 15 ದಿನಗಳ ಅವಕಾಶ ಕೊಡಬೇಕು. ಆದೇಶವಾದ ಮೇಲೂ ಒಂದು ತಿಂಗಳೊಳಗೆ ಬಾಕಿ, ಬಡ್ಡಿ, ಖರ್ಚನ್ನು ಕಟ್ಟಿದರೆ ಬಾಕಿಯ ಆಧಾರದ ಆ ಆದೇಶ ರದ್ದಾಗುತ್ತದೆ. ನೀರು ಅಥವಾ ಕರೆಂಟು ಕಡಿದು ಹೊರಡಿಸುವ ಉಪಾಯಕ್ಕೆ 13ನೇ ಕಲಮು ಅಡ್ಡಿಯಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ನೀವು ವ್ಯಾಜ್ಯಕ್ಕೆ ಇಳಿಯಲೆಂದಲ್ಲ, ಮಾತುಕತೆಗೆ ಕೂರುವಾಗ ಹೆದರದಿರಲೆಂದು. ಎರಡು ತಿಂಗಳ ಬಾಕಿಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು, ಉಳಿದ 22,000 ರೂಪಾಯಿಯನ್ನು ಬೀಗದ ಕೈ ಕೊಡುವ ದಿನವೇ ನೀಡಬೇಕೆಂದು ಮಾಲಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆಯಿರಿ ಮತ್ತು ಅದರ ಪ್ರತಿ, ಅಂಚೆಯ ರಶೀದಿ ಎರಡನ್ನೂ ಇಟ್ಟುಕೊಳ್ಳಿ. ಅವರು ಒಪ್ಪುವ ತನಕ ಅಡ್ವಾನ್ಸ್ ಇದೆಯಲ್ಲ ಎಂದು ಬಾಡಿಗೆಯನ್ನು ಇನ್ನಷ್ಟು ಬಾಕಿ ಮಾಡಬೇಡಿ. ಆಗುವಷ್ಟನ್ನು ಬ್ಯಾಂಕಿನ ಮೂಲಕವೇ ಕಟ್ಟಿ. ಅಡ್ವಾನ್ಸ್ ಕೊಟ್ಟದ್ದಕ್ಕೆ ಕರಾರುಪತ್ರ ಇಲ್ಲದಿದ್ದರೆ ಬ್ಯಾಂಕಿನ ದಾಖಲೆ, ಫೋನಿನಲ್ಲಿ ಉಳಿದ ಸಂದೇಶ, ಆಗ ಜೊತೆಗಿದ್ದವರ ಸಾಕ್ಷ್ಯ ಇವು ಯಾವುವಾದರೂ ಉಪಯೋಗಕ್ಕೆ ಬರುತ್ತವೆ.

ಮಾಲಕರು ಮಣಿಯದಿದ್ದರೆ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯವೆಷ್ಟೆಂದು ನೋಡದೆ ಉಚಿತ ನೆರವು ದೊರೆಯುತ್ತದೆ. ಕೇಸು ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಇದೆ. ಸಹಾಯವಾಣಿಯ ಸಂಖ್ಯೆ 15100. ಸರಕಾರಿ ಕಚೇರಿಗಳಿಗೆ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿನ ಕನ್ನಡಿಗರಿಗೆ ಆ ಹಕ್ಕನ್ನು ಕೊಟ್ಟಿದೆ. ಮಲಯಾಳದಲ್ಲಿ ಬರೆದು ತನ್ನಿ ಎಂದು ಕೌಂಟರಿನಲ್ಲಿ ಹೇಳಿದರೆ ಹಿಂದಿರುಗಬೇಡಿ.

ಉಳಿದ 18,000ಕ್ಕೆ ಮೊದಲ ದಾರಿ ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀ. ನೀವು ಅದರ ಅಯಲ್ಕೂಟದ (ನೆರೆಹೊರೆಯ ಗುಂಪಿನ) ಸದಸ್ಯೆಯಾಗಿದ್ದರೆ ಉಳಿತಾಯದ ಹಣದಿಂದ ಆಂತರಿಕ ಸಾಲ ಕೇಳಬಹುದು, ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಜೊತೆಗೆ ಹೊಸ ಮಾಲಕರಲ್ಲಿ ಅಡ್ವಾನ್ಸನ್ನು ಎರಡು ಕಂತಾಗಿ ಕೊಡುವ ಮಾತನಾಡಿ. ಒಪ್ಪಿದರೆ ಕಂತಿನ ದಿನಾಂಕವನ್ನೂ, ಮನೆ ಬಿಡುವಾಗ ಎಷ್ಟು ದಿನದೊಳಗೆ ಹಣ ಹಿಂದಿರುಗಬೇಕೆಂಬುದನ್ನೂ ಕರಾರಿನಲ್ಲಿಯೇ ಬರೆಸಿ.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಅಲ್ಲಿ ಮನೆ ಕಳೆದುಕೊಳ್ಳುವವರಿಗೆ ಅಡ್ವಾನ್ಸನ್ನು ಕೌನ್ಸಿಲಿನವರೇ ಕೊಡುತ್ತಾರಂತೆ. ಅವಳಿಗೂ ಸಿಗುವುದೇ?
– ಓರ್ವ ಓದುಗರು, ಬದಿಯಡ್ಕ

ಉತ್ತರ: ಅಲ್ಲಿ 2018ರ ಏಪ್ರಿಲಿನಿಂದ ಜಾರಿಯಲ್ಲಿರುವ ಕಾನೂನಿನಂತೆ, 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಅಪಾಯದಲ್ಲಿರುವ ಅರ್ಹರಿಗೆ ಸ್ಥಳೀಯ ಕೌನ್ಸಿಲು (ನಮ್ಮ ನಗರಸಭೆಯಂಥ ಆಡಳಿತ ಸಂಸ್ಥೆ) ನೆರವಾಗಲೇಬೇಕು. ಹಲವು ಕೌನ್ಸಿಲುಗಳು ಅಡ್ವಾನ್ಸಿಗೆ ಸಾಲ ಕೊಡುತ್ತವೆ, ಇಲ್ಲವೇ ಹಣದ ಬದಲು ಮಾಲಕರಿಗೆ ಜಾಮೀನು ಪತ್ರ ನೀಡುತ್ತವೆ. ಆದರೆ ಕೆಲಸದ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಸರಕಾರಿ ನೆರವು ಪಡೆಯಬಾರದೆಂಬ ಷರತ್ತಿರುವುದರಿಂದ, ಮಗಳು ತನ್ನ ವೀಸಾದ ಷರತ್ತನ್ನು ಮೊದಲು ನೋಡಿಕೊಳ್ಳಲಿ. ಅವಳಿಗೂ ದೊರೆಯಬೇಕಾದ ರಕ್ಷಣೆ ಬೇರೆಯಿದೆ: ಅಲ್ಲಿನ ಸಾಮಾನ್ಯ ಬಾಡಿಗೆ ಮನೆಗಳಲ್ಲಿ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ, ಐದು ವಾರಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಮತ್ತು ಪಡೆದ ಹಣವನ್ನು ಮಾಲಕರು 30 ದಿನಗಳೊಳಗೆ ಸರಕಾರ ಒಪ್ಪಿದ ಸಂರಕ್ಷಣಾ ಯೋಜನೆಗೆ ಸೇರಿಸಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮಲ್ಲಿಗೆ ಮೊದಲು ಬರಬೇಕಾದದ್ದು ಈ ವ್ಯವಸ್ಥೆಯೇ. ಮೇಲಿನ ಪತ್ರದ ಓದುಗಳಿಗೆ ಅದೊಂದು ಇದ್ದಿದ್ದರೆ ಸಾಕಿತ್ತು.

ಪ್ರಶ್ನೆ: ಹೊಸೂರಿನಲ್ಲಿ ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಮಿತಿ ಇಲ್ಲವೇ?
– ಓರ್ವ ಓದುಗರು, ಹೊಸೂರು

ಉತ್ತರ: ತಮಿಳುನಾಡಿನ 2017ರ ಕಾಯ್ದೆಯು ಮೂರು ತಿಂಗಳ ಬಾಡಿಗೆಯನ್ನು ಮಿತಿಯಾಗಿಟ್ಟಿದೆ, ಆದರೆ ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿದ್ದರೆ ಆ ಮಿತಿ ಅನ್ವಯವಾಗುವುದಿಲ್ಲ. ಹೀಗಾಗಿ ಹತ್ತು ತಿಂಗಳೆಂದು ಬರೆದ ಕಾಗದಕ್ಕೆ ಸಹಿ ಹಾಕಿದ ಮೇಲೆ ವಾದಿಸಿ ಫಲವಿಲ್ಲ, ಚೌಕಾಸಿಯನ್ನು ಅದಕ್ಕೆ ಮೊದಲೇ ಮಾಡಬೇಕು. ಮನೆ ಬಿಟ್ಟ ಒಂದು ತಿಂಗಳೊಳಗೆ ನ್ಯಾಯವಾದ ಕಡಿತ ಕಳೆದು ಹಣ ಹಿಂದಿರುಗಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಕರಾರನ್ನು ಲಿಖಿತವಾಗಿ ಮಾಡಿ ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಿದ್ದರೆ ಹಣ ಬಾರದಿದ್ದಾಗ ದೂರು ಕೊಡಲು ಸುಲಭವಾಗುತ್ತದೆ.